ಚರ್ಮದ ಆರೋಗ್ಯವೂ ಹೊಲದ ಬೆಳೆಯೂ

ಪೈರಿನ ಎಲೆಯನ್ನು ನೋಡಿ ಅದಕ್ಕೆ ಏನು ಕೊರತೆಯಾಗಿದೆ ಎಂದು ಹೇಳುವ ವಿದ್ಯೆ ನಮ್ಮ ಅನುಭವಶಾಲಿಗಳಾದ ರೈತರಿಗೆ ಹೊಸದಲ್ಲ. ಬುಡದ ಎಲೆಗಳು ಹಳದಿಯಾದರೆ ಸಾರಜನಕವು ಸಾಲದೆಂದೂ, ಎಲೆಯ ಅಂಚು ಸುಟ್ಟಂತೆ ಒಣಗಿದರೆ ಪೊಟ್ಯಾಷ್ ಸಾಲದೆಂದೂ ಕೂಡಲೇ ಗೊತ್ತುಮಾಡಿಕೊಳ್ಳುತ್ತಾರೆ. ಭತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಮಚ್ಚೆಗಳು ಮೂಡಿ ಪೈರು ಕುಗ್ಗುವ ‘ಖೈರಾ’ ಎಂಬ ರೋಗಕ್ಕೆ ಯಾವ ಕ್ರಿಮಿಯೂ ಕಾರಣವಲ್ಲ, ಸತುವಿನ ಅಭಾವವೇ ಕಾರಣವೆಂದು 1966ನೆಯ ಇಸವಿಯಲ್ಲಿ ಪಂತನಗರದ ಡಾ. ವೈ. ಎಲ್. ನೆನೆಯವರು ತೋರಿಸಿಕೊಟ್ಟರು. ಅಂದಿನಿಂದ ಅಂಥ ಮಚ್ಚೆಯನ್ನು ಕಂಡ ರೈತನು ರೋಗದ ಔಷಧವನ್ನು ಸಿಂಪಡಿಸುವುದಕ್ಕೆ ಬದಲಾಗಿ ಸತುವಿನ ಸಲ್ಫೇಟನ್ನು ಕೊಡುವುದು ರೂಢಿಯಾಗಿದೆ.

ಆದರೆ ಇದೇ ಕಣ್ಣಿನಿಂದ ನಾವು ಆ ಹೊಲದಲ್ಲಿ ದುಡಿಯುವ ಮನುಷ್ಯರ ಚರ್ಮವನ್ನು ನೋಡುವುದು ಅಪರೂಪ. ಕೂಲಿಯವನ ಕೈ ಕಪ್ಪಾಗಿ ಬಿರಿದಿದ್ದರೆ ಬಿಸಿಲೆನ್ನುತ್ತೇವೆ. ಹೆಂಗಸಿನ ಕುತ್ತಿಗೆ ಒರಟಾಗಿ ಸುಕ್ಕುಗಟ್ಟಿದ್ದರೆ ವಯಸ್ಸಾಯಿತೆನ್ನುತ್ತೇವೆ. ಮಗುವಿನ ಮೊಣಕೈ ಮೊಣಕಾಲುಗಳಲ್ಲಿ ಮುಳ್ಳಿನಂಥ ಗುಳ್ಳೆಗಳಿದ್ದರೆ ಸ್ನಾನ ಸಾಲದೆನ್ನುತ್ತೇವೆ. ಈ ಮೂರು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದಾಗ್ಯೂ ಅನೇಕ ವೇಳೆ ಈ ಚಿಹ್ನೆಗಳು ಊಟದ ತಟ್ಟೆಯಲ್ಲಿ ಇಲ್ಲದಿರುವ ಯಾವುದೋ ಒಂದು ವಸ್ತುವನ್ನು ಬೊಟ್ಟುಮಾಡಿ ತೋರಿಸುತ್ತಿರುತ್ತವೆ. ತಟ್ಟೆಯಲ್ಲಿ ಅದು ಇಲ್ಲದಿರುವುದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಅದು ಹೊಲದಲ್ಲಿ ಇಲ್ಲದಿರುವುದು ಗೋಚರವಾಗುತ್ತದೆ. ಹೊಲದಲ್ಲಿ ಏನನ್ನು ಬಿತ್ತಬೇಕೆಂಬುದನ್ನು ಗೊತ್ತುಮಾಡತಕ್ಕವರು ಈ ಪತ್ರಿಕೆಯನ್ನು ಓದುವ ಮಹನೀಯರಾದುದರಿಂದ ಈ ವಿಷಯವನ್ನು ವೈದ್ಯರಿಗೆ ಮಾತ್ರ ಬಿಡದೆ ಇಲ್ಲಿ ಪ್ರಸ್ತಾಪಿಸಲು ಧೈರ್ಯಮಾಡಿದ್ದೇನೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನದೇ ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಜೋಳದ ಸೀಮೆಯ ಒಂದು ಗ್ರಾಮದ ಜಮೀನುದಾರರೊಬ್ಬರಿಗೆ ನಾನು ಬಹಳ ಉತ್ಸಾಹದಿಂದ ಒಂದು ಸಲಹೆ ಕೊಟ್ಟಿದ್ದೆನು. ಅವರ ಮನೆತನದಲ್ಲಿ ಮುಂಗಾರಿ ಜೋಳದ ನಡುನಡುವೆ ತೊಗರಿಯನ್ನೂ ಹೆಸರನ್ನೂ ಅಕ್ಕಡಿಯಾಗಿ ಹಾಕುವ ಪದ್ಧತಿಯಿದ್ದಿತು. ಅಕ್ಕಡಿಯನ್ನು ಬಿಟ್ಟು ಸಂಕರ ಜೋಳವೊಂದನ್ನೇ ಬಿತ್ತಿದರೆ ಎಡೆ ಹೊಡೆಯುವುದು ಸುಲಭವೆಂದೂ, ಕೊಯ್ಲು ಒಂದೇ ಸಲಕ್ಕೆ ಮುಗಿಯುವುದೆಂದೂ ಅವರನ್ನು ಒಪ್ಪಿಸಿದೆನು. ಇಳುವರಿಯೂ ಹೆಚ್ಚಿತು. ಅವರು ಸಂತೋಷಪಟ್ಟರು, ನನ್ನ ದಿನಚರಿಯಲ್ಲಿ ನಾನೂ ಅದನ್ನು ಸಾಧನೆಯೆಂದೇ ಬರೆದುಕೊಂಡೆನು.

ಮೂರನೆಯ ವರ್ಷ ಯುಗಾದಿಗೆ ಮುಂಚೆ ಅದೇ ಹೊಲಕ್ಕೆ ಹೋದಾಗ ಕೂಳೆ ಕೀಳುತ್ತಿದ್ದ ಒಬ್ಬ ಹೆಂಗಸನ್ನು ಕಂಡೆನು. ಎಪ್ಪತ್ತು ವರ್ಷದ ಮುದುಕಿಯೆಂದು ಭಾವಿಸಿ, ಇಷ್ಟು ವಯಸ್ಸಾದವರಿಂದ ಬಿಸಿಲಿನಲ್ಲಿ ಕೆಲಸ ಮಾಡಿಸಬಹುದೇ ಎಂದು ಜಮೀನುದಾರರನ್ನು ಕೇಳಿದೆ. ಆಕೆಗೆ ಇನ್ನೂ ಐವತ್ತು ತುಂಬಿಲ್ಲವೆಂದು ಅವರು ಹೇಳಿದರು. ಆಕೆಯ ಎರಡು ಮುಂಗೈಗಳೂ ಕರಿಯ ಕೈಚೀಲ ತೊಟ್ಟಂತೆ ಮಣಿಕಟ್ಟಿನ ಮೇಲಿನವರೆಗೆ ಕಪ್ಪಾಗಿ, ಒಣಗಿದ ಕೆರೆಯಂಗಳದಂತೆ ಬಿರಿದಿದ್ದವು. ಕುತ್ತಿಗೆಯ ಸುತ್ತಲೂ ಅದೇ ಕಪ್ಪು, ಅಡ್ಡಿಗೆ ಹಾಕಿದಂತೆ. ಪಾದಗಳ ಮೇಲೆಯೂ ಹಾಗೆಯೇ. ಸೀರೆಯ ಸೆರಗು ಮುಚ್ಚಿದ್ದ ತೋಳಿನ ಮೇಲ್ಭಾಗದ ಚರ್ಮ ಮಾತ್ರ ಆಕೆಯ ನಿಜವಾದ ವಯಸ್ಸನ್ನು ತೋರಿಸುತ್ತಿದ್ದಿತು. ಎಡಗೈಗೆ ಹೇಗೋ ಬಲಗೈಗೂ ಹಾಗೆಯೇ, ಗೆರೆ ಎಳೆದಂತೆ ಕಪ್ಪು ಮುಗಿಯುತ್ತಿದ್ದಿತು. ಬಾಯಿ ಹುಣ್ಣಾಗಿ ಖಾರವನ್ನು ಮುಟ್ಟಲಾಗದೆಂದೂ, ರಾತ್ರಿ ನಿದ್ರೆಯಿಲ್ಲವೆಂದೂ, ಬೇಧಿ ನಿಲ್ಲುತ್ತಿಲ್ಲವೆಂದೂ ಆಕೆ ಹೇಳಿಕೊಂಡಳು. ನಾನು ಬಿಸಿಲಿಗೆ ಎಣ್ಣೆ ಹಚ್ಚಿಕೊಳ್ಳೆಂದು ಹೇಳಿ ಹೊರಟುಬಂದೆನು! ಎಲೆಯ ಮಚ್ಚೆಗಳ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಮಾಡುತ್ತಿದ್ದವನಿಗೆ ಎದುರಿಗೇ ಇದ್ದ ಈ ಮಚ್ಚೆಯನ್ನು ಓದಲು ಬರಲಿಲ್ಲ.

ತಿಂಗಳೊಪ್ಪತ್ತಿನ ಮೇಲೆ ತಾಲ್ಲೂಕಿನ ವೈದ್ಯರೊಬ್ಬರ ಸಂಗಡ ಪ್ರಯಾಣ ಮಾಡುವಾಗ ಮಾತಿಗೆ ಮಾತು ಬಂದು ಈ ಸಂಗತಿಯನ್ನು ಹೇಳಿದೆನು. ಅವರು ನನ್ನ ಮಾತು ಮುಗಿಯುವುದಕ್ಕೆ ಮುಂಚೆಯೇ “ಪೆಲ್ಲಾಗ್ರ” ಎಂದರು. ಮರುದಿನವೇ ಆಕೆಯನ್ನು ಕರೆಸಿದರು.

ಈ ರೋಗದ ಇತಿಹಾಸವು ವ್ಯವಸಾಯಗಾರರಾದ ನಾವು ತಿಳಿದುಕೊಳ್ಳತಕ್ಕದ್ದಾಗಿದೆ. ಏಕೆಂದರೆ ಇದು ಮೊದಲಿನಿಂದ ಕೊನೆಯವರೆಗೂ ಬೆಳೆಯ ಇತಿಹಾಸವೇ. 1735ನೆಯ ಇಸವಿಯಲ್ಲಿ ಸ್ಪೆಯಿನ್ ದೇಶದ ಅಸ್ತೂರಿಯಸ್ ಸೀಮೆಯಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯನು ಬಡ ರೈತರಲ್ಲಿ ಇದನ್ನು ಕಂಡು ವರ್ಣಿಸಿದನು. ಕುತ್ತಿಗೆಯ ಸುತ್ತಲಿನ ಆ ಕಪ್ಪುಪಟ್ಟಿಗೆ ಇಂದಿಗೂ ‘ಕಸಾಲನ ಕಂಠಹಾರ’ವೆಂದೇ ಹೆಸರು. ಇಟಲಿಯವರು ತಮ್ಮ ಭಾಷೆಯಲ್ಲಿ ‘ಒರಟು ಚರ್ಮ’ ಎಂಬರ್ಥ ಬರುವಂತೆ ಇದನ್ನು ಪೆಲ್ಲಾಗ್ರವೆಂದು ಕರೆದರು. ಅಮೆರಿಕಾ ಖಂಡದಿಂದ ಬಂದ ಮುಸುಕಿನ ಜೋಳವು ಯೂರೋಪಿನ ಬಡವರ ಮುಖ್ಯ ಆಹಾರವಾದ ಕಡೆಗಳಲ್ಲೆಲ್ಲ ಈ ರೋಗವೂ ಅದರ ಹಿಂದೆಯೇ ಹೋಯಿತು. ವಿಚಿತ್ರವೇನೆಂದರೆ, ಆ ಜೋಳದ ತವರಾದ ಮೆಕ್ಸಿಕೋ ದೇಶದಲ್ಲಿ ಜನರು ಸಾವಿರಾರು ವರ್ಷಗಳಿಂದ ಅದನ್ನೇ ತಿನ್ನುತ್ತಿದ್ದರೂ ಅಲ್ಲಿ ಇದರ ಹಾವಳಿ ಇರಲಿಲ್ಲ. ಅಲ್ಲಿನ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ ತೊಳೆದು ಅನಂತರ ಅರೆಯುತ್ತಿದ್ದರು. ಜೋಳದಲ್ಲಿ ಬಂಧಿತವಾಗಿ ದೇಹಕ್ಕೆ ದಕ್ಕದೆ ಹೋಗುವ ಒಂದು ಸತ್ವವನ್ನು ಆ ಸುಣ್ಣವು ಬಿಡಿಸಿಕೊಡುತ್ತಿದ್ದಿತು. ಯೂರೋಪಿನವರು ಬೀಜವನ್ನು ಹಡಗಿಗೆ ಹಾಕಿಕೊಂಡರು. ಅಡಿಗೆಯ ಕ್ರಮವನ್ನು ಬಿಟ್ಟು ಬಂದರು. ಹೊಸ ಬೆಳೆಯನ್ನು ಪ್ರಚಾರಮಾಡುವ ನನ್ನಂಥವರು ನೆನಪಿಡಬೇಕಾದ ಸಂಗತಿಯಿದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಈ ರೋಗವು ಸಾವಿರಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಅದು ಸಾಂಕ್ರಾಮಿಕವೆಂದೇ ಬಹುಮಂದಿ ವೈದ್ಯರು ನಂಬಿದ್ದರು. 1914ರಲ್ಲಿ ಇದರ ವಿಚಾರಣೆಗೆ ನೇಮಕವಾದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಎಂಬುವರು ಅನಾಥಾಲಯಗಳಲ್ಲಿಯೂ ಹುಚ್ಚಾಸ್ಪತ್ರೆಗಳಲ್ಲಿಯೂ ರೋಗಿಗಳ ಶುಶ್ರೂಷೆ ಮಾಡುವ ಸಿಬ್ಬಂದಿಗೆ ಮಾತ್ರ ರೋಗ ತಗಲುವುದಿಲ್ಲವೆಂಬುದನ್ನು ಗಮನಿಸಿದರು. ಅಂಟುರೋಗವಾಗಿದ್ದರೆ ಅವರಿಗೇಕೆ ಬಿನಾಯಿತಿ? ಹಾಲು, ಮಾಂಸ, ಮೊಟ್ಟೆ, ಕಾಳುಗಳನ್ನು ಊಟಕ್ಕೆ ಸೇರಿಸಿದ ಕೂಡಲೇ ರೋಗ ಮಾಯವಾಯಿತು. ಪ್ರತಿಯಾಗಿ 1915ರಲ್ಲಿ ಮಿಸಿಸಿಪಿಯ ಒಂದು ಸೆರೆಮನೆಯ ಹೊಲದಲ್ಲಿ, ಬಿಡುಗಡೆಯ ಆಶ್ವಾಸನೆ ಪಡೆದು ಒಪ್ಪಿಕೊಂಡ ಹನ್ನೊಂದು ಮಂದಿ ಖೈದಿಗಳಿಗೆ ಮುಸುಕಿನ ಜೋಳ, ನಯವಾದ ಹಿಟ್ಟು, ಪಾಲಿಷ್ ಅಕ್ಕಿ, ಸಕ್ಕರೆ, ಕೊಬ್ಬು, ಗೆಣಸು, ಕೋಸಿನಂಥ ಸೊಪ್ಪುಗಳನ್ನಷ್ಟೇ ಕೊಟ್ಟು ನೋಡಿದರು. ಕೆಲವು ತಿಂಗಳುಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗದ ಚಿಹ್ನೆಗಳು ಕಾಣಿಸಿಕೊಂಡವು. ಅಂಥ ಪ್ರಯೋಗವನ್ನು ಈಗ ಯಾರೂ ಮಾಡರು, ಮಾಡಲೂ ಕೂಡದು. ಆ ಖೈದಿಗಳ ಹೊಟ್ಟೆ ತುಂಬಿಯೇ ಇದ್ದಿತೆಂಬುದನ್ನು ಮಾತ್ರ ಗಮನಿಸಬೇಕು. ಹಸಿವು ಬೇರೆ, ಕೊರತೆ ಬೇರೆ.

ಗೋಲ್ಡ್‌ಬರ್ಗರ್ ಇಷ್ಟಕ್ಕೆ ನಿಲ್ಲಲಿಲ್ಲ. ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು ಹತ್ತಿಗಿರಣಿಯ ಹಳ್ಳಿಗಳಲ್ಲಿ ಮನೆಮನೆಯ ದಿನಸಿಯನ್ನು ವಿಚಾರಿಸಿದರು. ಹತ್ತಿಯು ಮನೆಯ ಬಾಗಿಲವರೆಗೂ ಬೆಳೆದಿದ್ದು, ಹಸುವಿಗಾಗಲಿ ಕಾಯಿಪಲ್ಯದ ಮಡಿಗಾಗಲಿ ನೆಲವಿಲ್ಲದ ಕಡೆ ರೋಗ ಹೆಚ್ಚು. ಸುತ್ತಮುತ್ತ ನಾನಾ ಆಹಾರದ ಬೆಳೆಗಳಿದ್ದು ಅವು ಮಾರಾಟಕ್ಕೆ ಬರುವ ಕಡೆ ಕಡಿಮೆ. ಅದೇ ಸೀಮೆಗೆ ಹತ್ತಿಯ ಕಾಯಿಕೊರಕ ಮೂತಿಹುಳುವು ಬಂದು ಬೆಳೆಯನ್ನು ಹಾಳುಮಾಡಿದಾಗ ರೈತರು ಬೇರೆ ದಾರಿ ಕಾಣದೆ ಹತ್ತಿಯನ್ನು ಕಡಿಮೆಮಾಡಿ ಆಹಾರದ ಬೆಳೆಗಳನ್ನು ಹಾಕಿದರು. ಆ ಕಡೆಗಳಲ್ಲಿ ಪೆಲ್ಲಾಗ್ರದ ಸಾವುಗಳು ಇಳಿದುವೆಂದು ಇತ್ತೀಚಿನ ಅರ್ಥಶಾಸ್ತ್ರಜ್ಞರು ಹಳೆಯ ದಾಖಲೆಗಳನ್ನು ಹೋಲಿಸಿ ತೋರಿಸಿದ್ದಾರೆ. ಆಲಬಾಮದ ಎಂಟರ್‌ಪ್ರೈಸ್ ಎಂಬ ಊರಿನವರು ಹತ್ತಿಯನ್ನು ಬಿಟ್ಟು ಕಡಲೆಕಾಯಿ ಬೆಳೆದು ಏಳಿಗೆಯಾದ ಮೇಲೆ, 1919ರಲ್ಲಿ ಆ ಹುಳುವಿಗೇ ಒಂದು ಸ್ಮಾರಕವನ್ನು ನಿಲ್ಲಿಸಿದರು. ಕೀಟಕ್ಕೆ ಗುಡಿ ಕಟ್ಟಿದ ರೈತರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ರೋಗದ ಮೂಲವು ಖಚಿತವಾದದ್ದು 1937ರಲ್ಲಿ. ಆ ವರ್ಷ ಎಲ್ವೆಹ್ಯೆಮ್ ಎಂಬ ವಿಜ್ಞಾನಿಯು, ಈಗ ನಿಯಾಸಿನ್ ಎಂದು ಕರೆಯುವ ಜೀವಸತ್ವವು ನಾಯಿಗಳಲ್ಲಿ ಬರುವ ಇದೇ ಜಾತಿಯ ‘ಕರಿನಾಲಗೆ’ ರೋಗವನ್ನು ವಾಸಿಮಾಡುವುದೆಂದು ತೋರಿಸಿದರು. ಬಹು ಬೇಗ ಮನುಷ್ಯರಲ್ಲಿಯೂ ಅದು ಸ್ಥಿರಪಟ್ಟಿತು. ಪ್ರಾಯದವರಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ನಿಯಾಸಿನ್ ಬೇಕು. ಮೈಮುರಿದು ದುಡಿಯುವವರಿಗೆ ಇನ್ನೂ ಸ್ವಲ್ಪ ಹೆಚ್ಚು. ಇದರಲ್ಲಿ ಒಂದು ಪಾಲನ್ನು ದೇಹವು ತಾನೇ ತಯಾರಿಸಿಕೊಳ್ಳಬಲ್ಲುದು. ಸಸಾರಜನಕ ಪದಾರ್ಥಗಳಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದ ಸುಮಾರು 60 ಮಿಲಿಗ್ರಾಮಿನಿಂದ ಒಂದು ಮಿಲಿಗ್ರಾಂ ನಿಯಾಸಿನ್ ಆಗುತ್ತದೆ. ಮುಸುಕಿನ ಜೋಳದಲ್ಲಿ ಈ ಟ್ರಿಪ್ಟೊಫಾನ್ ಬಹಳ ಕಡಿಮೆ, ಇರುವ ನಿಯಾಸಿನ್ನೂ ಬಂಧಿತ. ಹೀಗೆ ಎರಡು ಬಾಗಿಲುಗಳೂ ಮುಚ್ಚಿಹೋಗುವುವು.

ನಮ್ಮ ಬಿಳಿಜೋಳದ ವಿಚಾರವು ಇದಕ್ಕಿಂತ ಸ್ವಲ್ಪ ತೊಡಕಿನದು. ಅದರಲ್ಲಿ ಟ್ರಿಪ್ಟೊಫಾನ್ ಅಷ್ಟು ಕಡಿಮೆಯಿಲ್ಲ. ಆದರೂ ದಖ್ಖನ್ ಪ್ರಸ್ಥಭೂಮಿಯ ಜೋಳದ ಸೀಮೆಯ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿದ್ದಿತು. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ವರ್ಗವಾದ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಎಂಬುವರು ಇದನ್ನು ಕೈಗೆತ್ತಿಕೊಂಡು, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶವು ಮಿತಿಮೀರಿ ಇರುವುದರಿಂದ ದೇಹವು ನಿಯಾಸಿನ್ನನ್ನು ತಯಾರಿಸಿ ಬಳಸುವ ಕ್ರಮಕ್ಕೆ ಅಡ್ಡಿಯಾಗುವುದೆಂದು 1960ರಲ್ಲಿ ಪ್ರತಿಪಾದಿಸಿದರು. ಈ ಅಭಿಪ್ರಾಯವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಬೇರೆ ಕಡೆ ಮಾಡಿದ ಕೆಲವು ಪ್ರಯೋಗಗಳಲ್ಲಿ ಅದೇ ಫಲ ಬರಲಿಲ್ಲ. ಜೋಳವನ್ನೇ ತಿಂದು ಬೇರೇನನ್ನೂ ತಿನ್ನದವರಿಗೆ ಅಪಾಯವಿದೆಯೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಊಟದಲ್ಲಿ ವೈವಿಧ್ಯ ಬಂದಂತೆ, ಅಗ್ಗದ ಅಕ್ಕಿ ಗೋಧಿಗಳು ಮನೆಗೆ ಬಂದಂತೆ, ನಮ್ಮಲ್ಲಿ ಈ ರೋಗ ಬಹಳ ವಿರಳವಾಗಿದೆ. ಈಗ ಅದು ಕಾಣಿಸಿಕೊಳ್ಳುವುದು ಮಿತಿಮೀರಿ ಮದ್ಯಪಾನ ಮಾಡುವವರಲ್ಲಿ, ದೀರ್ಘಕಾಲದ ಬೇಧಿಯವರಲ್ಲಿ, ಮತ್ತು ನಾನು ಕಂಡ ಹೆಂಗಸಿನಂತೆ ಒಂಟಿಯಾಗಿ ಒಂದೇ ಧಾನ್ಯದ ಮೇಲೆ ಕಾಲ ಹಾಕುವವರಲ್ಲಿ.

ಹಾಗೆಂದು ಯಾರೂ ಜೋಳವನ್ನು ದೂಷಿಸಬಾರದು. ರೊಟ್ಟಿಯ ಜೊತೆಗೆ ಹೆಸರಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಸೊಪ್ಪು, ಈ ಊಟವನ್ನು ಗೊತ್ತುಮಾಡಿದ ನಮ್ಮ ಹಿರಿಯರಿಗೆ ಜೀವಸತ್ವದ ಹೆಸರು ತಿಳಿಯದಿದ್ದರೂ ಅದರ ಕೆಲಸ ತಿಳಿದಿದ್ದಿತು. ನೂರು ಗ್ರಾಂ ಶೇಂಗಾದಲ್ಲಿ 10 ಮಿಲಿಗ್ರಾಮಿಗೂ ಮಿಕ್ಕ ನಿಯಾಸಿನ್ ಇದೆ. ಅದರ ಸಸಾರಜನಕವು ಮೇಲಿನ ಲಾಭ. ಆ ಹೆಂಗಸಿನ ತಟ್ಟೆಯಲ್ಲಿ ಇದ್ದದ್ದಾದರೂ ಏನು? ವೈದ್ಯರು ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಸುಗ್ಗಿಯಲ್ಲಿ ಕೂಲಿಯಾಗಿ ಬಂದ ಜೋಳ, ಉಪ್ಪು, ಮೆಣಸಿನಕಾಯಿ, ಹುಣಿಸೆಯ ನೀರು. ಪಡಿತರದ ಚೀಟಿಯಲ್ಲಿ ಏನೋ ಲೋಪವಾಗಿ ಆಕೆಗೆ ಬರಬೇಕಾದದ್ದು ಬಂದಿರಲಿಲ್ಲ. ಕಾಳು ತಿನ್ನುತ್ತಿರಲಿಲ್ಲವೇ ಎಂದರೆ, “ಮೊದಲು ಹಕ್ಕಲು ಆಯುತ್ತಿದ್ದೆ, ವರ್ಷಕ್ಕೆ ಆಗುವಷ್ಟು ತೊಗರಿ ಆಗುತ್ತಿತ್ತು, ಈಗ ಆ ಹೊಲದಲ್ಲಿ ತೊಗರಿ ಎಲ್ಲಿದೆ?” ಎಂದಳು. ಆ ಹೊಲದಿಂದ ತೊಗರಿಯನ್ನು ತೆಗೆಸಿದವನು ನಾನು.

ಇಂಥದು ಆಫ್ರಿಕಾ ಖಂಡದ ಮಲಾವಿ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿಯೇ ನಡೆಯಿತು. ಮೊಜಾಂಬಿಕ್ ದೇಶದಿಂದ ವಲಸೆ ಬಂದವರ ಶಿಬಿರಗಳಲ್ಲಿ ಮುಸುಕಿನ ಜೋಳದ ಜೊತೆಗೆ ಕಡಲೆಕಾಯಿಯನ್ನು ಹಂಚುತ್ತಿದ್ದರು. ಕಡಲೆಕಾಯಿಯ ಸರಬರಾಜು ತಪ್ಪಿದ ಬಳಿಕ, 1990ನೆಯ ಇಸವಿಯಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕ ಜನರಿಗೆ ಪೆಲ್ಲಾಗ್ರ ಬಂದಿತು. ವಿಚಾರಣೆ ನಡೆಸಿದಾಗ, ಸ್ವಂತಕ್ಕೆ ಒಂದು ಕೈತೋಟವಿದ್ದವರಿಗೂ, ಹೇಗಾದರೂ ಕಡಲೆಕಾಯಿಯನ್ನು ಸಂಪಾದಿಸಿ ತಿನ್ನುತ್ತಿದ್ದವರಿಗೂ ರೋಗ ಕಡಿಮೆಯೆಂದು ಕಂಡುಬಂದಿತು. ಜೋಳವು ಎಲ್ಲರಿಗೂ ಒಂದೇ.

ಈಗ ಇನ್ನೊಂದು ಚಿಹ್ನೆಯನ್ನು ನೋಡೋಣ. ಇದು ಪೆಲ್ಲಾಗ್ರದಷ್ಟು ಭಯಂಕರವಲ್ಲ. ಮಕ್ಕಳ ಮೊಣಕೈ, ಮೊಣಕಾಲು, ಪೃಷ್ಠಭಾಗಗಳಲ್ಲಿ ಕೂದಲಿನ ಬುಡವೊಂದೊಂದೂ ಗಟ್ಟಿಯಾಗಿ, ಕೈಯಾಡಿಸಿದರೆ ತುರಿಯುವ ಮಣೆಯಂತೆ ಒರಟಾಗಿರುವುದನ್ನು ಶಾಲೆಗಳಲ್ಲಿ ನೋಡಬಹುದು. 1933ರಲ್ಲಿ ಸಿಂಹಳದ ಡಾ. ಲೂಷಿಯಸ್ ನಿಕೋಲ್ಸ್ ಇದನ್ನು ‘ಕಪ್ಪೆಚರ್ಮ’ವೆಂಬರ್ಥದ ಹೆಸರಿನಿಂದ ವರ್ಣಿಸಿದರು. ಮೊದಲು ಇದನ್ನು ಎ ಜೀವಸತ್ವದ ಅಭಾವವೆಂದೇ ಎಣಿಸಿದ್ದರು. ಅನಂತರ ನಮ್ಮ ದೇಶದಲ್ಲಿ ನಡೆದ ಪರೀಕ್ಷೆಗಳಲ್ಲಿ, ಲಿನೋಲಿಯಿಕ್ ಆಮ್ಲವೆಂಬ ಅವಶ್ಯಕ ಕೊಬ್ಬಿನ ಅಂಶವುಳ್ಳ ಎಣ್ಣೆಗಳೂ ಬಿ ಗುಂಪಿನ ಜೀವಸತ್ವಗಳೂ ಇದನ್ನು ಗುಣಪಡಿಸುವುದರಲ್ಲಿ ಹೆಚ್ಚಿನ ಕೆಲಸ ಮಾಡುವುವೆಂದು ತಿಳಿದುಬಂದಿತು. ಚರ್ಮದ ಹೊರಪದರವು ತೇವವನ್ನು ಹಿಡಿದಿಟ್ಟುಕೊಳ್ಳಲು ಈ ಆಮ್ಲವು ಬೇಕೇಬೇಕು. ದೇಹವು ಇದನ್ನು ತಾನೇ ತಯಾರಿಸಿಕೊಳ್ಳಲಾರದು.

ಇಲ್ಲಿ ಕುಸುಬೆಯ ಮಾತು ಬಾರದೆ ಇರದು. ನಮ್ಮ ಸಾಂಪ್ರದಾಯಿಕ ಕುಸುಬೆಯ ತಳಿಗಳ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಲಿನೋಲಿಯಿಕ್ ಆಮ್ಲವೇ. ಹುಚ್ಚೆಳ್ಳಿನ ಎಣ್ಣೆಯೂ ಅದರ ಸಮೀಪಕ್ಕೆ ಬರುತ್ತದೆ. ಈಗ ಅಗ್ಗವೆಂದು ಎಲ್ಲ ಕಡೆಯೂ ಕೊಳ್ಳುವ ತಾಳೆಯೆಣ್ಣೆಯಲ್ಲಿ ಇದು ನೂರಕ್ಕೆ ಹತ್ತರ ಆಸುಪಾಸು. ತೆಂಗಿನೆಣ್ಣೆಯಲ್ಲಿ ಇನ್ನೂ ಅತ್ಯಲ್ಪ. ಧಾರವಾಡ, ಬಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಗಳಲ್ಲಿ ಹಿಂಗಾರಿ ಜೋಳದ ಹೊಲಕ್ಕೆ ಕುಸುಬೆಯನ್ನು ಅಂಚಿನಲ್ಲಿ ಹಾಕುತ್ತಿದ್ದುದು ಮುಳ್ಳಿಗೆ ಹೆದರಿ ದನಕರುಗಳು ಒಳಗೆ ನುಗ್ಗಬಾರದೆಂಬ ಉದ್ದೇಶದಿಂದ. ಎಳೆಯದರಲ್ಲಿ ಅದರ ಸೊಪ್ಪು ಪಲ್ಯಕ್ಕೆ, ಬಲಿತ ಮೇಲೆ ಬೀಜ ಗಾಣಕ್ಕೆ. ಬೇಲಿಯೆಂದು ಬಿತ್ತಿದ್ದು ಮಕ್ಕಳ ಮೈಗೆ ಮೆರುಗಾಗುತ್ತಿದ್ದಿತು. ಕೊಯ್ಯುವಾಗ ಮುಳ್ಳು ಚುಚ್ಚುವುದೆಂದು ಆಳುಗಳು ಒಪ್ಪುವುದಿಲ್ಲವೆಂಬುದು ಈಗ ಎಲ್ಲ ಕಡೆ ಕೇಳಿಬರುವ ದೂರು, ಅದೂ ನ್ಯಾಯವೇ. ಮುಳ್ಳಿಲ್ಲದ ತಳಿಗಳೂ ಉಂಟು. ಆದರೆ ಅಂಚಿಗೆ ಹಾಕಲು ಮುಳ್ಳಿನದೇ ವಾಸಿ. ಎಷ್ಟು ಒಳ್ಳೆಯ ಎಣ್ಣೆಯಾದರೂ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಬಳಸಿದರೆ ಅದರ ಗುಣ ಕೆಡುವುದೆಂದು ಮನೆಯ ಹೆಂಗಸರಿಗೆ ತಿಳಿಸತಕ್ಕದ್ದು.

ಇಷ್ಟು ಹೇಳಿದ ಮೇಲೆ, ರೋಗವಿಲ್ಲದವರಿಗೆ ಮುಪ್ಪು ಬೇಗ ಬಾರದಂತೆ ಆಹಾರದಿಂದ ತಡೆಯಬಹುದೇ ಎಂದು ಓದುಗರು ಕೇಳುವುದು ಸಹಜ. ಇದಕ್ಕೆ ಉತ್ತರ ಹೇಳುವಾಗ ಅಳತೆ ತಪ್ಪಬಾರದು. ನಮ್ಮ ಚರ್ಮವನ್ನು ಮುಪ್ಪುಮಾಡುವುದರಲ್ಲಿ ಬಿಸಿಲಿನದೇ ದೊಡ್ಡ ಪಾಲು, ಬೀಡಿ ಸಿಗರೇಟುಗಳದು ಮುಂದಿನದು. ಉತ್ತು ಬಿತ್ತುವವನು ಬಿಸಿಲನ್ನು ಬಿಟ್ಟಿರಲಾರನು. ತಲೆಗೆ ರುಮಾಲು, ತುಂಬುತೋಳಿನ ಅಂಗಿ ಮತ್ತು ಮಧ್ಯಾಹ್ನದ ವಿರಾಮ, ಇಷ್ಟರಿಂದ ಆಗುವ ಪ್ರಯೋಜನವನ್ನು ಯಾವ ಆಹಾರವೂ ಮಾಡಲಾರದು. ಆದರೂ ಆಹಾರಕ್ಕೆ ತನ್ನದೇ ಆದ ಪಾಲಿದೆ. 2001ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ ಗ್ರೀಸ್, ಆಸ್ಟ್ರೇಲಿಯಾ, ಸ್ವೀಡನ್ ದೇಶಗಳ 453 ಮಂದಿ ವೃದ್ಧರ ಚರ್ಮವನ್ನೂ ಊಟವನ್ನೂ ಹೋಲಿಸಿ ನೋಡಿದರು. ತರಕಾರಿ, ಕಾಳು, ಆಲಿವ್ ಎಣ್ಣೆಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಬಿಸಿಲಿನಿಂದಾದ ಸುಕ್ಕು ಕಡಿಮೆಯಿದ್ದಿತು. ಬೆಣ್ಣೆ, ಸಕ್ಕರೆಯ ತಿಂಡಿಗಳನ್ನು ತಿನ್ನುವವರಲ್ಲಿ ಹೆಚ್ಚಾಗಿದ್ದಿತು. 2007ರಲ್ಲಿ ಪ್ರಕಟವಾದ ಇನ್ನೊಂದು ವಿಚಾರಣೆಯಲ್ಲಿ 40ರಿಂದ 74 ವರ್ಷದ 4,025 ಮಂದಿ ಅಮೆರಿಕದ ಸ್ತ್ರೀಯರನ್ನು ಪರೀಕ್ಷಿಸಿದಾಗ, ಸಿ ಜೀವಸತ್ವವು ಊಟದಲ್ಲಿ ಹೆಚ್ಚಿದ್ದವರಲ್ಲಿ ಸುಕ್ಕು ಕಡಿಮೆಯೆಂದೂ, ಮೇಲೆ ಹೇಳಿದ ಲಿನೋಲಿಯಿಕ್ ಆಮ್ಲವು ಹೆಚ್ಚಿದ್ದವರಲ್ಲಿ ಚರ್ಮ ಒಣಗುವುದೂ ತೆಳುವಾಗುವುದೂ ಕಡಿಮೆಯೆಂದೂ ಕಂಡಿತು. ಇವು ಹೋಲಿಕೆಗಳೇ ಹೊರತು ಗದ್ದೆಯಲ್ಲಿ ತಾಕು ಕಟ್ಟಿ ಮಾಡಿದ ಪ್ರಯೋಗಗಳಲ್ಲ. ತರಕಾರಿ ತಿನ್ನುವವನು ಬೇರೆ ವಿಷಯಗಳಲ್ಲಿಯೂ ಜೋಪಾನವಾಗಿರಬಹುದು. ಆದುದರಿಂದ ಇವನ್ನು ದಾರಿ ತೋರಿಸುವ ಕೈಕಂಬವೆಂದು ತಿಳಿಯಬೇಕಲ್ಲದೆ ಪತ್ರದಲ್ಲಿ ಬರೆದ ಕರಾರೆಂದು ತಿಳಿಯಬಾರದು.

ಸಿ ಜೀವಸತ್ವದ ಕೆಲಸವಂತೂ ಸಂದೇಹಕ್ಕೆಡೆಯಿಲ್ಲದ್ದು. ಚರ್ಮಕ್ಕೆ ಬಿಗಿಯನ್ನು ಕೊಡುವ ಕಾಲಜನ್ ಎಂಬ ನಾರನ್ನು ದೇಹವು ಹೊಸೆಯುವಾಗ ಈ ಸತ್ವವು ಇಲ್ಲದಿದ್ದರೆ ಎಳೆಗಳು ಸರಿಯಾಗಿ ಹೆಣೆದುಕೊಳ್ಳವು. ಹಿಂದೆ ಹಡಗಿನ ನಾವಿಕರಿಗೆ ತಿಂಗಳುಗಟ್ಟಲೆ ಹಸಿಯ ಕಾಯಿಹಣ್ಣುಗಳಿಲ್ಲದೆ ಒಸಡು ಕೊಳೆತು, ಚರ್ಮದಡಿ ರಕ್ತ ಸೋರಿ, ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದುದು ಇದರಿಂದಲೇ. ನಮ್ಮ ಬೆಟ್ಟದ ನೆಲ್ಲಿಯಲ್ಲಿ ಕಿತ್ತಳೆಗಿಂತ ಹಲವು ಪಾಲು ಹೆಚ್ಚಾಗಿ ಈ ಸತ್ವವಿದೆ. ಸೀಬೆ, ನಿಂಬೆ, ನುಗ್ಗೆಸೊಪ್ಪುಗಳೂ ಇದಕ್ಕೆ ಒಳ್ಳೆಯವು. ನುಗ್ಗೆಗೆ ಎ ಜೀವಸತ್ವವನ್ನು ಒದಗಿಸುವ ಗುಣವೂ ಉಂಟು. ಬದುವಿನ ಮೇಲೆ ಎರಡು ನೆಲ್ಲಿ, ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಇವಕ್ಕೆ ನೆಲವಿಲ್ಲವೆಂದು ಹೇಳುವವರನ್ನು ನಾನು ನಂಬಲಾರೆ. ಮುಖಕ್ಕೆ ಹಚ್ಚುವ ಬಣ್ಣಬಣ್ಣದ ಲೇಪಗಳಿಗೂ, ಪೇಟೆಯಲ್ಲಿ ಮುಪ್ಪನ್ನು ಓಡಿಸುವುದೆಂದು ಮಾರುವ ಪುಡಿಗಳಿಗೂ ಹಣ ಸುರಿಯುವವರ ಹಿತ್ತಲನ್ನು ಹೋಗಿ ನೋಡಿರಿ.

ಗ್ರಾಮದ ಮುಖಂಡರೂ ಜಮೀನುದಾರರೂ ಮಾಡಬಹುದಾದದ್ದನ್ನು ಕುರಿತು ಇನ್ನು ನಾಲ್ಕು ಮಾತು. ಮೊದಲನೆಯದಾಗಿ ಅಕ್ಕಡಿ ಸಾಲನ್ನು ಬಿಡಬೇಡಿರಿ, ಬಿಟ್ಟಿದ್ದರೆ ಮತ್ತೆ ತನ್ನಿರಿ. ಮಿಶ್ರವಾಗಿ ಚೆಲ್ಲಿದರೆ ಯಂತ್ರದ ಎಡೆಗೆ ಅಡ್ಡಿಯೆಂಬುದು ನಿಜ. ಅದಕ್ಕೆ ಪರಿಹಾರವು ಸಾಲನ್ನು ಲೆಕ್ಕದಲ್ಲಿ ಹಾಕುವುದು. ರಾಗಿಯ ಎಂಟು ಸಾಲಿಗೆ ತೊಗರಿಯ ಎರಡು ಸಾಲು ನಮ್ಮ ಕೆಂಪು ಭೂಮಿಯಲ್ಲಿ ಒಪ್ಪಿಬಂದ ಕ್ರಮ. ಮುಂಗಾರಿ ಜೋಳದಲ್ಲಿ ತೊಗರಿಯ ಸಾಲುಗಳನ್ನು ಕೂರಿಗೆಯ ತಾಳುಗಳ ಎಣಿಕೆಗೆ ಹೊಂದಿಸಿಕೊಳ್ಳಬಹುದು. ತೊಗರಿಯು ಬೇರಿನಲ್ಲಿ ಸಾರಜನಕವನ್ನು ಕೂಡಿಡುವುದೂ, ಜೋಳ ಸೋತ ವರ್ಷ ಅದು ಕೈಹಿಡಿಯುವುದೂ ತಮಗೆ ತಿಳಿದದ್ದೇ. ಇಂದು ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆ ಮುಸುಕಿನ ಜೋಳವು ಹೊಲಗಳನ್ನೆಲ್ಲ ತುಂಬಿದೆ. ಅದರಲ್ಲಿ ಬಹುಪಾಲು ಕೋಳಿಯ ಮೇವಿಗೆ ಹೋಗುವುದರಿಂದ ಅಲ್ಲಿ ಯಾರಿಗೂ ಪೆಲ್ಲಾಗ್ರ ಬರುವುದೆಂದು ನಾನು ಹೇಳುವುದಿಲ್ಲ. ಆದರೆ ಆ ಹೊಲದ ಒಡೆಯನು ಹಣವನ್ನು ತಂದು ಬೇಳೆಯನ್ನು ಕೊಂಡಾನು. ಆ ಹೊಲದ ಕೂಲಿಯವನು ಬೇಳೆಯ ಧಾರಣೆ ಏರಿದ ದಿನ ಬೇಳೆಯನ್ನು ಬಿಟ್ಟು ಅನ್ನಕ್ಕೆ ಸಾರಿನ ನೀರನ್ನು ಹುಯ್ದುಕೊಳ್ಳುವನು.

ಎರಡನೆಯದಾಗಿ, ಧಾನ್ಯದ ರೂಪದಲ್ಲಿ ಕೂಲಿಯನ್ನಾಗಲಿ ಸುಗ್ಗಿಯ ಆಯವನ್ನಾಗಲಿ ಕೊಡುವ ರೂಢಿ ಎಲ್ಲಿಯಾದರೂ ಇದ್ದರೆ, ನಗದಿನಲ್ಲಿ ಸಲ್ಲತಕ್ಕ ಕೂಲಿಗೆ ಕಡಿಮೆಮಾಡದೆ, ಆ ಧಾನ್ಯದಲ್ಲಿ ಒಂದು ಭಾಗವನ್ನು ಕಾಳಾಗಿ ಕೊಡಿರಿ. ಕೊಯ್ದ ಹೊಲದಲ್ಲಿ ಹಕ್ಕಲು ಆಯುವವರನ್ನು ಗದರಿಸಿ ಓಡಿಸಬೇಡಿರಿ. ಶೇಂಗಾವನ್ನು ಕೂಡಿಡುವಾಗ ಮಾತ್ರ ಜಾಗ್ರತೆ ಬೇಕು. ಕಾಯಿಯನ್ನು ಅಲುಗಿಸಿದರೆ ಬೀಜ ಗಿಲಕಿಯಂತೆ ಸದ್ದುಮಾಡುವವರೆಗೂ ಒಣಗಿಸದೆ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು. ಅದು ಯಕೃತ್ತಿಗೆ ಮಾರಕ. ಬೂಷ್ಟು ಹಿಡಿದ, ಮುರುಟಿದ ಬೀಜವನ್ನು ಆಳುಗಳಿಗೆಂದು ಬೇರೆ ತೆಗೆದಿಡುವ ಕೆಟ್ಟ ವಾಡಿಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮುಂಗೈ, ಪಾದ, ಕುತ್ತಿಗೆಗಳಲ್ಲಿ ಎರಡು ಪಕ್ಕಕ್ಕೂ ಸಮನಾಗಿ ಕಪ್ಪು ಕಟ್ಟಿ ಬಿರಿದಿದ್ದು, ಜೊತೆಗೆ ಬಾಯಿಹುಣ್ಣು, ಬೇಧಿ ಅಥವಾ ಬುದ್ಧಿಯ ಕಳವಳ ಇದ್ದವರನ್ನು ಕಂಡರೆ ಒಂದು ದಿನವೂ ತಡಮಾಡದೆ ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ಉಪೇಕ್ಷೆ ಮಾಡಿದರೆ ಈ ರೋಗವು ಪ್ರಾಣವನ್ನೇ ತೆಗೆಯುವುದು. ಹಾಗೆಯೇ ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಮಚ್ಚೆಯು ಆಹಾರದ ಕೊರತೆಯಲ್ಲ, ಕುಷ್ಠವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಔಷಧ ಕೊಡುತ್ತಾರೆ, ಪೂರ್ಣ ಗುಣವಾಗುತ್ತದೆ. ಚರ್ಮದ ಪ್ರತಿಯೊಂದು ಕಲೆಗೂ ಊಟವೇ ಕಾರಣವೆಂದು ನನ್ನ ಲೇಖನವನ್ನು ಓದಿ ಯಾರೂ ತೀರ್ಮಾನಿಸಕೂಡದು.

ಆ ಹೆಂಗಸಿಗೆ ವೈದ್ಯರು ನಿಯಾಸಿನ್ ಜಾತಿಯ ಮಾತ್ರೆಗಳನ್ನೂ ಬಿ ಗುಂಪಿನ ಇತರ ಸತ್ವಗಳನ್ನೂ ಕೊಟ್ಟರು. ದಿನಕ್ಕೊಂದು ಹಿಡಿ ಹುರಿದ ಶೇಂಗಾ, ಎರಡು ಹೊತ್ತು ಬೇಳೆ ಮತ್ತು ಸಿಕ್ಕಿದಾಗ ಮೊಟ್ಟೆಯನ್ನು ತಿನ್ನಬೇಕೆಂದರು. ನಾಲಗೆಯ ಹುಣ್ಣು ಕೆಲವೇ ದಿನಗಳಲ್ಲಿ ಮಾಯಿತು, ನಿದ್ರೆ ಬಂದಿತು. ಕೈಯ ಕಪ್ಪು ಸಿಪ್ಪೆ ಬಿಡುತ್ತ ಬಿಡುತ್ತ ಹೋಗಲು ವಾರಗಳೇ ಹಿಡಿದವು. ಪಡಿತರದ ಚೀಟಿಯನ್ನು ಊರಿನ ಹಿರಿಯರು ಓಡಾಡಿ ಸರಿಪಡಿಸಿದರು. ನಾನು ಜಮೀನುದಾರರ ಬಳಿಗೆ ಹೋಗಿ, ಮೂರು ವರ್ಷಗಳ ಹಿಂದೆ ಕೊಟ್ಟ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದೆನು. ಅವರು ನಕ್ಕು, “ಇಲಾಖೆಯವರು ಮಾತು ಹಿಂದಕ್ಕೆ ತೆಗೆದುಕೊಂಡದ್ದು ಇದೇ ಮೊದಲು” ಎಂದರು. ಆಮೇಲೆ ಸಂಕರ ಜೋಳದಲ್ಲಿಯೇ ತೊಗರಿಯ ಸಾಲನ್ನು ಹೇಗೆ ಹಾಕುವುದೆಂದು ಇಬ್ಬರೂ ಕುಳಿತು ಕೂರಿಗೆಯ ತಾಳುಗಳನ್ನೆಣಿಸಿ ಲೆಕ್ಕ ಹಾಕಿದೆವು.

ಮುಂದಿನ ವರ್ಷ ಪುಷ್ಯಮಾಸದಲ್ಲಿ ತೊಗರಿ ಕೊಯ್ದ ಹೊಲದಲ್ಲಿ ಆಕೆ ಹಕ್ಕಲು ಆಯುತ್ತಿದ್ದಳು. ನಾನು ಗುರುತು ಹಿಡಿಯಲಿಲ್ಲ. ಆಕೆಯೇ ಕರೆದು ಮಾತನಾಡಿಸಿದಳು. ಈ ಸಲ ಕಾಯಿಕೊರಕ ಹುಳುವಿನಿಂದ ಅರ್ಧ ಕಾಳು ಟೊಳ್ಳಾಗಿದೆ, ಅದಕ್ಕೇನಾದರೂ ಮಾಡಿರೆಂದು ಹೇಳಿ, ಮಡಿಲಲ್ಲಿದ್ದ ಕಾಯಿಗಳನ್ನು ಬಿಡಿಸಿ ತೋರಿಸಿದಳು.